ಅಂತ್ಯಕಾಲದ ಸಿದ್ಧತೆಯೂ ಗೃಹಸ್ಥಧರ್ಮವೇ

ಮರಣದ ಮಾತನ್ನು ಮನೆಯಲ್ಲಿ ಆಡಬಾರದೆಂಬ ಸಂಕೋಚ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಿರಿಯರೇ ಆ ವಿಷಯವನ್ನು ಎತ್ತಿದರೂ ಮಕ್ಕಳು "ಅಂಥ ಮಾತೇಕೆ, ಬಿಡ್ತು ಅನ್ನಿ" ಎಂದು ಅವರ ಬಾಯಿ ಮುಚ್ಚಿಸುತ್ತಾರೆ. ಆದರೆ ಅದೇ ಮನೆಯ ದೇವರ ಗೂಡಿನಲ್ಲಿ, ಕಾಶಿಯಾತ್ರೆಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ತಂಬಿಗೆಯೊಂದು ಇರುತ್ತದೆ. ಅದನ್ನು ಯಾವ ಹೊತ್ತಿಗೆಂದು ಕಾದಿರಿಸಿದ್ದಾರೆಂಬುದು ಮನೆಯ ಎಲ್ಲರಿಗೂ ಗೊತ್ತು. ಕೊನೆಯ ಗುಟುಕು ನೀರು ಯಾವುದಾಗಿರಬೇಕೆಂದು ನಮ್ಮ ಪೂರ್ವಜರು ವರ್ಷಗಳ ಮೊದಲೇ ನಿಶ್ಚಯಿಸಿ, ಅದನ್ನು ಮನೆಯೊಳಗೇ ತಂದಿಟ್ಟುಕೊಂಡು, ನಿಶ್ಚಿಂತೆಯಿಂದ ಬಾಳಿದರು. ಅದನ್ನು ಅಪಶಕುನವೆಂದು ಯಾರೂ ಭಾವಿಸಲಿಲ್ಲ.

ಆ ಸಿದ್ಧತೆ ಅಂದಿನ ಊರಿಗೆ ಸಾಕಾಗಿತ್ತು. ಉಡುಪಿಯಲ್ಲಾಗಲಿ ಧಾರವಾಡದಲ್ಲಾಗಲಿ ರಾಯಚೂರಿನಲ್ಲಾಗಲಿ, ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಕೇರಿಯ ಜನ ತಾವಾಗಿ ಬರುತ್ತಿದ್ದರು. ತಲೆದೆಸೆಯಲ್ಲಿ ಕುಳಿತು ವಿಷ್ಣುಸಹಸ್ರನಾಮ ಹೇಳುವವರಿದ್ದರು. ಮೂರು ತಲೆಮಾರನ್ನು ಕಂಡ ವೈದ್ಯರು ನಾಡಿ ನೋಡಿ, ಇನ್ನು ಔಷಧಕ್ಕಿಂತ ತೀರ್ಥವೇ ಲೇಸೆಂದು ಮನೆಯವರಿಗೆ ಮೆಲ್ಲನೆ ತಿಳಿಸುತ್ತಿದ್ದರು. ಏನು ಮಾಡಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಇಂದು ನಾವು ಇರುವ ಊರಿನ ಸ್ಥಿತಿ ಬೇರೆ. ಗ್ರೇಟರ್ ನೋಯ್ಡಾದ ಅಭಿವೃದ್ಧಿ ಪ್ರಾಧಿಕಾರ ರಚನೆಯಾದದ್ದು 1991ರಲ್ಲಿ. ಆಲ್ಫಾ, ಬೀಟಾ, ಗಾಮಾ ಎಂದು ಹೆಸರಿಟ್ಟ ಬಡಾವಣೆಗಳೂ, ಪಶ್ಚಿಮ ಭಾಗದ ಬಹುಮಹಡಿ ಕಟ್ಟಡಗಳೂ ಅನಂತರ ಎದ್ದವು. ಉದ್ಯೋಗಕ್ಕಾಗಿ ಬಂದ ನಮ್ಮ ಕುಟುಂಬಗಳು ಅಲ್ಲಿ ನೆಲೆಸಿದವು. ಈಗ ಊರಿನ ಮನೆಗಳಿಗೆ ಬೀಗ ಹಾಕಿ, ಎಪ್ಪತ್ತು ಎಂಬತ್ತು ವರ್ಷದ ತಂದೆತಾಯಿಗಳು ಮಗನ ಜೊತೆಗೋ ಮಗಳ ಜೊತೆಗೋ ಹದಿನೈದನೆಯ ಮಹಡಿಯಲ್ಲಿದ್ದಾರೆ. ನೆರೆಮನೆಯವರು ಸಜ್ಜನರೇ, ಆದರೆ ಅವರಿಗೆ ನಮ್ಮ ಭಾಷೆ ಬಾರದು, ನಮ್ಮ ಆಚಾರ ತಿಳಿಯದು. ನಡುರಾತ್ರಿ ಉಸಿರು ಸಿಕ್ಕಿದರೆ ಬರುವುದು ಆಂಬುಲೆನ್ಸ್. ಅದು ಒಯ್ಯುವುದು ತೀವ್ರ ನಿಗಾ ಘಟಕಕ್ಕೆ. ಅಲ್ಲಿನ ವೈದ್ಯರು ಮಗನನ್ನು ಹೊರಗೆ ಕರೆದು, "ವೆಂಟಿಲೇಟರ್ ಹಾಕಬೇಕೇ? ಸಹಿ ಮಾಡಿ" ಎನ್ನುತ್ತಾರೆ. ಉತ್ತರ ಕೆಲವೇ ನಿಮಿಷಗಳಲ್ಲಿ ಬೇಕು. ಒಳಗೆ ಮಲಗಿರುವ ತಂದೆಯ ಮನಸ್ಸಿನಲ್ಲಿ ಏನಿತ್ತೆಂಬುದು ಮಗನಿಗೆ ತಿಳಿಯದು, ಏಕೆಂದರೆ ಆ ಮಾತನ್ನು ಆಡಲು ಅವನೇ ಬಿಟ್ಟಿರಲಿಲ್ಲ.

ಈ ಕಾರಣದಿಂದ ನಾವು ಇಲ್ಲಿ ಒಂದು ಧರ್ಮಪ್ರಶ್ನೆಯನ್ನು ವಿಚಾರಿಸಲು ಹೊರಟಿದ್ದೇವೆ. ನಮ್ಮ ಕೊನೆಗಾಲದ ಚಿಕಿತ್ಸೆ ಹೇಗಿರಬೇಕು, ಯಾವುದು ಬೇಕು, ಯಾವುದು ಬೇಡವೆಂದು ಬುದ್ಧಿ ಸ್ವಸ್ಥವಾಗಿರುವಾಗಲೇ ಹೇಳಿಡುವುದು ಆಸ್ತಿಕರಿಗೆ ಯುಕ್ತವೇ? ಅದು ಮರಣವನ್ನು ಬಯಸಿದಂತಾಗುವುದಿಲ್ಲವೇ? ಶ್ರೀಹರಿಯ ಇಚ್ಛೆಯಲ್ಲಿ ನಾವು ಕೈ ಹಾಕಿದಂತಾಗುವುದಿಲ್ಲವೇ?

ಮೊದಲು ನಮ್ಮ ಗ್ರಂಥಗಳಲ್ಲಿ ಕಾಣುವ ಹಿರಿಯರ ನಡತೆಯನ್ನು ನೋಡೋಣ. ಶ್ರೀಮದ್ಭಾಗವತದ ಪರೀಕ್ಷಿದ್ರಾಜನಿಗೆ ಏಳು ದಿನಗಳ ಅವಧಿ ತಿಳಿಯಿತು. ಆತ ರಾಜ್ಯಭಾರವನ್ನು ಮಗನಿಗೆ ಒಪ್ಪಿಸಿ, ಗಂಗಾತೀರದಲ್ಲಿ ಕುಳಿತು, ಸಾಯುವವನು ಮಾಡಬೇಕಾದದ್ದೇನೆಂದು ಋಷಿಗಳನ್ನು ಕೇಳಿದನು. ಆ ಪ್ರಶ್ನೆಗೆ ಶುಕಾಚಾರ್ಯರು ಕೊಟ್ಟ ಉತ್ತರವನ್ನೇ ನಾವು ಸಪ್ತಾಹವಾಗಿ ಕೇಳುತ್ತಿದ್ದೇವೆ. ಎಲ್ಲವೂ ದೈವೇಚ್ಛೆಯೆಂದು ರಾಜನು ಸುಮ್ಮನೆ ಕುಳಿತಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮಹಾಭಾರತದ ಭೀಷ್ಮಾಚಾರ್ಯರ ಪ್ರಸಂಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಶರಶಯ್ಯೆಯಲ್ಲಿ ಮಲಗಿದ ಅವರ ಬಳಿಗೆ ದುರ್ಯೋಧನನು ಬಾಣ ಕೀಳುವುದರಲ್ಲಿ ನಿಪುಣರಾದ ವೈದ್ಯರನ್ನು ಸಲಕರಣೆಗಳೊಡನೆ ಕರೆತಂದನು. ಭೀಷ್ಮರು ಅವರನ್ನು ತಿರಸ್ಕಾರದಿಂದ ಕಾಣಲಿಲ್ಲ. ಈ ಸ್ಥಿತಿಯನ್ನು ತಲುಪಿದ ತಮಗೆ ಇನ್ನು ವೈದ್ಯರಿಂದ ಆಗಬೇಕಾದದ್ದಿಲ್ಲವೆಂದೂ, ಅವರಿಗೆ ಧನ ಕೊಟ್ಟು ಗೌರವದಿಂದ ಕಳುಹಿಸಬೇಕೆಂದೂ ಹೇಳಿದರು. ತಲೆದಿಂಬು ಎಂಥದಿರಬೇಕು, ನೀರು ಯಾರ ಕೈಯಿಂದ ಬೇಕು ಎಂಬುದನ್ನೂ ಅವರೇ ತಿಳಿಸಿದರು. ಭೀಷ್ಮರಿಗಿದ್ದ ಇಚ್ಛಾಮರಣದ ವರ ನಮಗಿಲ್ಲ, ನಾವು ಅದನ್ನು ಬಯಸಲೂ ಬಾರದು. ಆದರೆ ಒಂದನ್ನು ಗಮನಿಸಬೇಕು. ಅವರ ಸುತ್ತ ನಿಂತಿದ್ದ ಕೌರವರೂ ಪಾಂಡವರೂ ಪರಸ್ಪರ ವೈರಿಗಳು. ಪಿತಾಮಹರ ವಿಷಯದಲ್ಲಿ ಮುಂದೇನು ಮಾಡುವುದೆಂದು ಅವರು ಅಲ್ಲಿ ಜಗಳವಾಡಲಿಲ್ಲ, ಏಕೆಂದರೆ ಪಿತಾಮಹರೇ ಹೇಳಿ ಮುಗಿಸಿದ್ದರು.

ಹಾಗೆ ಹೇಳಿಕೊಳ್ಳುವ ಅವಕಾಶವೇ ಸಿಗದವರ ಗತಿಯೇನೆಂಬುದಕ್ಕೆ ನಮ್ಮ ನಾಡಿನವರೇ ಆದ ಒಬ್ಬರ ಕಥೆಯಿದೆ. ಉತ್ತರ ಕನ್ನಡದ ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ, ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಅವರು 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬನ ಕ್ರೂರ ಹಲ್ಲೆಗೆ ಗುರಿಯಾದರು. ಆಗ ಅವರ ವಯಸ್ಸು 25. ಮೆದುಳಿಗೆ ಪೆಟ್ಟಾಗಿ, ಮುಂದಿನ 41 ವರ್ಷಗಳಿಗೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿದರು. ಅವರನ್ನು ಈ ಸ್ಥಿತಿಯಿಂದ ಬಿಡಿಸಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸುಪ್ರೀಂ ಕೋರ್ಟಿಗೆ ಹೋದರು. ಹಗಲಿರುಳು ಅವರನ್ನು ತಂಗಿಯಂತೆ ನೋಡಿಕೊಂಡ ಆಸ್ಪತ್ರೆಯ ದಾದಿಯರು, ನಾವು ಸೇವೆ ಮುಂದುವರಿಸುತ್ತೇವೆ, ಅದಕ್ಕೆ ತಡೆಬೇಡವೆಂದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ದಾದಿಯರ ಮಾತನ್ನೇ ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟು ನಿಲ್ಲಿಸಬಹುದೆಂದು ಮೊದಲ ಬಾರಿಗೆ ಒಪ್ಪಿತು. ಅರುಣಾ ಅವರು 2015ರ ಮೇ 18ರಂದು ತೀರಿಕೊಂಡರು.

ಇಲ್ಲಿ ಎರಡು ಪಕ್ಷಗಳಲ್ಲಿಯೂ ಕರುಣೆಯೇ ಇತ್ತು. ಒಬ್ಬರು ಬಿಡುಗಡೆಯನ್ನು ಕರುಣೆಯೆಂದರು, ಇನ್ನೊಬ್ಬರು ಸೇವೆಯನ್ನು ಕರುಣೆಯೆಂದರು. ಅರುಣಾ ಅವರು ಏನೆನ್ನುತ್ತಿದ್ದರೆಂಬುದನ್ನು ಮಾತ್ರ ಯಾರೂ ತಿಳಿಯಲಾಗಲಿಲ್ಲ. ಇಪ್ಪತ್ತೈದರ ತರುಣಿಗೆ ಅದನ್ನು ಹೇಳಿಡುವ ಪ್ರಸಂಗವೂ ಬಂದಿರಲಿಲ್ಲ. ಎಪ್ಪತ್ತು ದಾಟಿದ ನಮಗೆ ಆ ಪ್ರಸಂಗ ಬಂದಿದೆ, ಕಾಲಾವಕಾಶವೂ ಇದೆ. ಆದರೂ ಹೇಳದೆ ಹೋದರೆ, ನಮ್ಮ ಮಕ್ಕಳಲ್ಲಿ ಒಬ್ಬನು "ಸಾಕು, ಅಪ್ಪನಿಗೆ ನೋವು ಕೊಡಬೇಡಿ" ಎನ್ನುವನು. ಇನ್ನೊಬ್ಬನು "ಕೈಬಿಟ್ಟೆವೆಂಬ ಪಾಪ ನಮಗೆ ಬೇಡ" ಎನ್ನುವನು. ಇಬ್ಬರದೂ ಪ್ರೀತಿಯೇ. ಆ ಪ್ರೀತಿಯೇ ಅಣ್ಣತಮ್ಮಂದಿರ ನಡುವೆ ಬಿರುಕಾಗಿ, ವೈಕುಂಠ ಸಮಾರಾಧನೆಯ ದಿನವೂ ಮುಖ ನೋಡದಂತೆ ಮಾಡುವುದುಂಟು. ಏನು ನಿರ್ಣಯಿಸಿದರೂ ಅದು ಸರಿಯೋ ತಪ್ಪೋ ಎಂಬ ಕೊರಗು ನಿರ್ಣಯಿಸಿದವನನ್ನು ಜೀವಮಾನವಿಡೀ ಕಾಡುತ್ತದೆ. ಮನೆ, ಹೊಲ, ಒಡವೆಗಳಿಗೆ ಉಯಿಲು ಬರೆದು ಕಲಹವನ್ನು ತಪ್ಪಿಸುವ ನಾವು ಈ ಭಾರವನ್ನು ಮಕ್ಕಳ ತಲೆಯ ಮೇಲೆ ಬಿಟ್ಟುಹೋಗುವುದು ನ್ಯಾಯವಲ್ಲ.

ಈಗ ಮುಖ್ಯವಾದ ಆಕ್ಷೇಪಕ್ಕೆ ಬರೋಣ. ಯಂತ್ರ ಬೇಡವೆಂದು ಬರೆದಿಡುವುದು ಆತ್ಮಹತ್ಯೆಯ ಬಗೆಯಲ್ಲವೇ ಎಂಬುದು ಅನೇಕರ ಸಂದೇಹ. ಜೀವನು ಅಸ್ವತಂತ್ರನು, ಸ್ವತಂತ್ರನು ಶ್ರೀಹರಿಯೊಬ್ಬನೇ ಎಂಬುದು ನಮ್ಮ ಸಿದ್ಧಾಂತ. ಸಾಧನೆಗಾಗಿ ಅವನು ಕೊಟ್ಟ ದೇಹವನ್ನು ನಾವಾಗಿ ಎಸೆಯಲು ನಮಗೆ ಅಧಿಕಾರವಿಲ್ಲ. ಅದರಲ್ಲಿ ಎರಡು ಮಾತಿಲ್ಲ. ಔಷಧದಿಂದ ಗುಣವಾಗುವ ರೋಗಕ್ಕೆ ಔಷಧವನ್ನು ಸೇವಿಸದಿರುವುದೂ ತಪ್ಪೇ. ಧನ್ವಂತರಿಯು ಶ್ರೀಹರಿಯ ರೂಪವೇ ಆಗಿರುವಾಗ ವೈದ್ಯಪ್ರಯತ್ನವನ್ನು ಅಲ್ಲಗಳೆಯಲಾಗದು. ವೆಂಟಿಲೇಟರ್ ಎಂಬ ಯಂತ್ರವೂ ನ್ಯುಮೋನಿಯಾ, ಶಸ್ತ್ರಚಿಕಿತ್ಸೆ ಮೊದಲಾದ ಸಂದರ್ಭಗಳಲ್ಲಿ ಎಷ್ಟೋ ಜೀವಗಳನ್ನು ದಡ ಸೇರಿಸಿದೆ. ಅದು ಸೇತುವೆಯಂತೆ. ಆಚೆಯ ದಡ ಇರುವವರೆಗೆ ಅದರ ಮೇಲೆ ನಡೆಯಬೇಕು.

ಆದರೆ ಆಚೆಯ ದಡವೇ ಇಲ್ಲವೆಂದು ಬಲ್ಲ ವೈದ್ಯರು ನಿಶ್ಚಯಿಸಿದ ಮೇಲೆ ಅದೇ ಯಂತ್ರವು ಬದುಕನ್ನು ಉಳಿಸುವುದಿಲ್ಲ, ಸಾಯುವ ಕಾಲವನ್ನು ಎಳೆಯುತ್ತದೆ, ಅಷ್ಟೆ. ದೇಹದಲ್ಲಿದ್ದು ಉಸಿರಾಡಿಸುವವನು ಮುಖ್ಯಪ್ರಾಣನೆಂದು ನಂಬಿದವರು ನಾವು. ಯಂತ್ರವು ಶ್ವಾಸಕೋಶಕ್ಕೆ ಗಾಳಿಯನ್ನು ತುಂಬಬಲ್ಲದು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಲಾಗದು. ಅಂಥ ಸ್ಥಿತಿಯಲ್ಲಿ ಯಂತ್ರ ಬೇಡವೆಂದವನ ಮರಣಕ್ಕೆ ಕಾರಣ ಅವನ ರೋಗ, ಅವನ ಮಾತಲ್ಲ. ವಿಷ ಕುಡಿದವನ ಸಂಕಲ್ಪ ಸಾಯಬೇಕೆಂಬುದು. ಇವನ ಸಂಕಲ್ಪವಾದರೋ ಶ್ರೀಹರಿ ಕರೆದಾಗ ಕೊಳವೆಗಳ ನಡುವೆ ಸೆಣಸದೆ, ಅವನ ಸ್ಮರಣೆಯೊಡನೆ ಹೊರಡಬೇಕೆಂಬುದು. ಎರಡರ ಅಂತರ ಬಹು ದೊಡ್ಡದು.

ಇನ್ನೊಂದು ವಿಷಯವನ್ನೂ ಯೋಚಿಸಬೇಕು. ಅಂತ್ಯಕಾಲದ ಸ್ಮರಣೆಯ ಮಹಿಮೆಯನ್ನು ಗೀತೆಯ ಎಂಟನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ವೆಂಟಿಲೇಟರಿಗೆ ಜೋಡಿಸುವಾಗ ಸಾಮಾನ್ಯವಾಗಿ ಬಾಯಿಯ ಮೂಲಕ ಶ್ವಾಸನಾಳದೊಳಕ್ಕೆ ಕೊಳವೆ ಇಳಿಸುತ್ತಾರೆ. ಅದು ಇರುವಷ್ಟು ಹೊತ್ತು ರೋಗಿ ಮಾತನಾಡಲಾರ. ಅನೇಕ ವೇಳೆ ನಿದ್ರೆ ಬರಿಸುವ ಮದ್ದನ್ನೂ ಕೊಡುತ್ತಾರೆ. ಗುಣವಾಗುವುದಿದ್ದರೆ ಅದೆಲ್ಲ ಸಹ್ಯವೇ. ಗುಣವಾಗದಿದ್ದಲ್ಲಿ, ಜೀವಮಾನವೆಲ್ಲ ಬಯಸಿದ ಆ ಒಂದು ನಾಮವನ್ನು ಬಾಯಿತುಂಬ ಹೇಳುವ ಹೊತ್ತನ್ನು, ಮಗನ ಕೈಯಿಂದ ತುಳಸೀತೀರ್ಥ ಪಡೆಯುವ ಹೊತ್ತನ್ನು ಕಳೆದುಕೊಂಡಂತಾಗದೇ?

ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿ, ಮುಂಗಡ ನಿರ್ದೇಶನ ಪತ್ರಕ್ಕೆ, ಅಂದರೆ ಜನರು ಲಿವಿಂಗ್ ವಿಲ್ ಎನ್ನುವ ಬರಹಕ್ಕೆ, ಮಾನ್ಯತೆ ಕೊಟ್ಟಿತು. ಔಷಧ ಚುಚ್ಚಿ ಸಾಯಿಸುವುದನ್ನು ನ್ಯಾಯಾಲಯ ಒಪ್ಪಿಲ್ಲ, ಅದು ಈಗಲೂ ಅಪರಾಧವೇ. ಮೊದಲು ಆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರ ಜನವರಿ 24ರ ಆದೇಶದಿಂದ ಅದು ಸುಲಭವಾಯಿತು. ಈಗ ಸ್ವಸ್ಥಚಿತ್ತರಾದ ವಯಸ್ಕರು ಯಾರ ಒತ್ತಾಯವೂ ಇಲ್ಲದೆ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಾವು ಮಾತನಾಡಲಾರದಾಗ ತಮ್ಮ ಪರವಾಗಿ ನಿರ್ಣಯಿಸುವವರ ಹೆಸರನ್ನು ಅದರಲ್ಲಿ ಕಾಣಿಸಬೇಕು. ಒಂದಕ್ಕಿಂತ ಹೆಚ್ಚು ಹೆಸರು ಕೊಡಬಹುದು. ಬರೆದದ್ದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಬದಲಾಯಿಸಬಹುದು, ರದ್ದು ಮಾಡಬಹುದು.

ಪತ್ರವಿದೆಯೆಂದ ಮಾತ್ರಕ್ಕೆ ಆಸ್ಪತ್ರೆಯವರು ಒಡನೆ ಯಂತ್ರ ನಿಲ್ಲಿಸಿಬಿಡುತ್ತಾರೆಂಬ ಭಯ ಬೇಡ. ಚಿಕಿತ್ಸೆ ಮಾಡುತ್ತಿರುವ ವೈದ್ಯರೂ ಕನಿಷ್ಠ 5 ವರ್ಷ ಅನುಭವವುಳ್ಳ ಇಬ್ಬರು ತಜ್ಞರೂ ಸೇರಿದ ಮಂಡಲಿ ಮೊದಲು ಪರೀಕ್ಷಿಸಬೇಕು. ಅನಂತರ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನೇಮಿಸಿದ ವೈದ್ಯರಿರುವ ಎರಡನೆಯ ಮಂಡಲಿಯೂ ಒಪ್ಪಬೇಕು. ಪತ್ರದಲ್ಲಿ ಹೆಸರಿಸಿದವರ ಸಮ್ಮತಿ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಒಂದೊಂದು ಮಂಡಲಿಯೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕೆಂದಿದೆ. ಸುಪ್ರೀಂ ಕೋರ್ಟು ವಿಧಿಸಿದ್ದಾದ್ದರಿಂದ ಇದು ಉತ್ತರ ಪ್ರದೇಶಕ್ಕೂ ಕರ್ನಾಟಕಕ್ಕೂ ಒಂದೇ. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಆದೇಶವನ್ನೂ ಹೊರಡಿಸಿದೆ. ಈ ಹಕ್ಕಿಗಾಗಿ ಬಹುವರ್ಷ ಸರ್ಕಾರಗಳಿಗೆ ಪತ್ರ ಬರೆಯುತ್ತ ಬಂದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರನ್ನು ಆಗ ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು.

ಮಾಧ್ವರಾದ ನಮಗೆ ಇದೆಲ್ಲಕ್ಕಿಂತ ಹತ್ತಿರದ ನಿದರ್ಶನವೊಂದಿದೆ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು 2019ರ ಡಿಸೆಂಬರಿನಲ್ಲಿ ಉಸಿರಾಟದ ತೊಂದರೆಯಿಂದ ಮಣಿಪಾಲದ ಆಸ್ಪತ್ರೆಯಲ್ಲಿದ್ದರು. ವೈದ್ಯರು ತಮ್ಮಿಂದಾದ ಪ್ರಯತ್ನವನ್ನೆಲ್ಲ ಮಾಡಿದರು, ವೆಂಟಿಲೇಟರಿನ ನೆರವನ್ನೂ ಕೊಟ್ಟರು. ಚೇತರಿಕೆಯ ಲಕ್ಷಣ ಕಾಣದಾದಾಗ, ಕೊನೆಯ ಕ್ಷಣಗಳು ಮಠದಲ್ಲಿಯೇ ಕಳೆಯಬೇಕೆಂಬ ಶ್ರೀಗಳ ಇಚ್ಛೆಯಂತೆ ಡಿಸೆಂಬರ್ 29ರ ಬೆಳಿಗ್ಗೆ ಅವರನ್ನು ಉಡುಪಿಯ ಪೇಜಾವರ ಮಠಕ್ಕೆ ಕರೆತರಲಾಯಿತು. ಅಲ್ಲಿಯೇ ಅವರು ಹರಿಪಾದವನ್ನು ಸೇರಿದರು. ಬೃಂದಾವನವಾದದ್ದು ಅವರ ಅಪೇಕ್ಷೆಯಂತೆಯೇ ಬೆಂಗಳೂರಿನ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ. ಐದು ಪರ್ಯಾಯಗಳನ್ನು ನಡೆಸಿದ ಯತಿಗಳು ಚಿಕಿತ್ಸೆಯನ್ನೂ ಬಿಡಲಿಲ್ಲ, ತಮ್ಮ ಇಚ್ಛೆಯನ್ನೂ ಮುಚ್ಚಿಡಲಿಲ್ಲ. ಅವರು ಹೇಳಿದ್ದರಿಂದಲೇ ಶಿಷ್ಯರು ಧೈರ್ಯದಿಂದ ನಡೆಸಿಕೊಡಲು ಸಾಧ್ಯವಾಯಿತು.

ಹಾಗಾದರೆ ನಮ್ಮಂಥ ಪರಸ್ಥಳದ ಗೃಹಸ್ಥರು ಏನೇನನ್ನು ಹೇಳಿಡಬೇಕು? ಮೊದಲನೆಯದು ಚಿಕಿತ್ಸೆಯ ಮಿತಿ. ಕೆಲವು ದಿನ ಯಂತ್ರದ ನೆರವಿನಿಂದ ಪ್ರಯತ್ನಿಸಿ, ಫಲ ಕಾಣದಿದ್ದರೆ ನಿಲ್ಲಿಸಿರೆಂದು ಬರೆಯಬಹುದು. ಕೊನೆಯವರೆಗೂ ಸಾಧ್ಯವಾದ ಚಿಕಿತ್ಸೆಯೆಲ್ಲ ಬೇಕೆನ್ನುವವರು ಹಾಗೆಯೇ ಹೇಳಬಹುದು. ಹೇಳಿಡುವುದು ಧರ್ಮವೇ ಹೊರತು ಇಂಥದನ್ನೇ ಹೇಳಬೇಕೆಂಬ ನಿರ್ಬಂಧವಿಲ್ಲ. ಎರಡನೆಯದು ಸ್ಥಳ. ಮಗನ ಮನೆಯಲ್ಲಿಯೇ ಸಾಕೇ, ಅಥವಾ ಶಕ್ತಿಯಿರುವಾಗಲೇ ಊರಿಗೆ ಒಯ್ಯಬೇಕೇ ಎಂಬುದು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಯ ಪ್ರಯಾಣವನ್ನು ಹಾಸಿಗೆ ಹಿಡಿದ ಮೇಲೆ ಮಾಡಲಾಗದು. ಮೂರನೆಯದು ಆಚಾರ. ಆಸ್ಪತ್ರೆಯ ಆಹಾರ, ಏಕಾದಶಿಯ ನಿಯಮ, ತೀರ್ಥ ಕೊಡುವುದು, ಯಾರು ಬಳಿಯಲ್ಲಿರಬೇಕು, ಏನು ಪಾರಾಯಣ ಕೇಳಿಸಬೇಕು ಎಂಬುದನ್ನು ಬರೆದು, ಹಿಂದಿಯಲ್ಲಿ ಒಂದು ಪ್ರತಿಯನ್ನೂ ಮಾಡಿಸಿಟ್ಟರೆ ದಾದಿಯರಿಗೆ ಅನುಕೂಲ. ಪ್ರಜ್ಞೆ ಮಸುಕಾದಾಗ ಅನೇಕ ಹಿರಿಯರು ಹಿಂದಿಯನ್ನು ಮರೆತು ತಾಯ್ನುಡಿಗೇ ಮರಳುತ್ತಾರೆ. ಕನ್ನಡ ಬಲ್ಲವರೊಬ್ಬರು ಬಳಿಯಿರಬೇಕೆಂಬುದನ್ನೂ ಬರೆಯಬೇಕು. ನಾಲ್ಕನೆಯದು ಅನಂತರದ ಕಾರ್ಯ. ಸಂಸ್ಕಾರ ಎಲ್ಲಿ, ಪುರೋಹಿತರು ಯಾರು, ಅಸ್ಥಿವಿಸರ್ಜನೆ ಗಢಮುಕ್ತೇಶ್ವರದಲ್ಲೋ ಹರಿದ್ವಾರದಲ್ಲೋ ಅಥವಾ ಕಾವೇರಿ, ತುಂಗಭದ್ರೆಗಳಲ್ಲೋ ಎಂಬುದು.

ಯಂತ್ರ ಬೇಡವೆಂದರೆ ಆರೈಕೆಯೇ ಬೇಡವೆಂದಲ್ಲ. ಗುಣವಾಗದ ರೋಗದಲ್ಲಿಯೂ ನೋವು, ಏದುಸಿರು, ವಾಂತಿ, ಕಳವಳಗಳನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆ ಎಂಬ ವಿಭಾಗವೇ ವೈದ್ಯಶಾಸ್ತ್ರದಲ್ಲಿದೆ. ದೆಹಲಿಯ ಸುತ್ತಮುತ್ತ ಕ್ಯಾನ್‌ಸಪೋರ್ಟ್ ಎಂಬ ಸಂಸ್ಥೆ ಬಹುವರ್ಷಗಳಿಂದ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಉಚಿತವಾಗಿ ಇಂಥ ಆರೈಕೆ ಮಾಡುತ್ತಿದೆ. ಬೆಂಗಳೂರಿನ ಕರುಣಾಶ್ರಯದ ಹೆಸರನ್ನು ಅಲ್ಲಿನ ಬಂಧುಗಳು ಬಲ್ಲರು. ಮನೆಯಲ್ಲಿಯೇ ಕೊನೆಯುಸಿರು ಎಳೆಯಬೇಕೆನ್ನುವವರು, ಬಂದು ನೋಡಿ ಮರಣದ ಪ್ರಮಾಣಪತ್ರ ಕೊಡುವ ವೈದ್ಯರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದೂ ನೆನಪಿರಲಿ.

ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ಹಿರಿಯರು ಈ ವಿಷಯವನ್ನು ಎತ್ತಿದಾಗ ತಡೆಯಬೇಡಿರಿ, ಕುಳಿತು ಕೇಳಿರಿ. ಆದರೆ ನೀವಾಗಿ ಕಾಗದ ಹಿಡಿದು ಸಹಿಗೆ ಅವಸರಿಸಬೇಡಿರಿ. ಆಸ್ಪತ್ರೆಯ ಖರ್ಚನ್ನು ಉಳಿಸುವುದಕ್ಕಾಗಿ, ಬೇಸರಕ್ಕಾಗಿ, "ನಾನು ಇವರಿಗೆ ಭಾರ" ಎಂಬ ಭಾವನೆಯನ್ನು ಹಿರಿಯರಲ್ಲಿ ಹುಟ್ಟಿಸಿ ಬರೆಸಿಕೊಂಡ ಪತ್ರವು ಕಾನೂನಿನಲ್ಲಿಯೂ ಸಲ್ಲದು, ಧರ್ಮದಲ್ಲಿಯೂ ಸಲ್ಲದು. ಅಮ್ಮನಿಗೆ ತಾನು ಬೇಕಾದವಳೆಂಬ ಭರವಸೆ ಇರುವ ಮನೆಯಲ್ಲಿ ಮಾತ್ರ ಈ ಮಾತು ಶುದ್ಧವಾಗಿ ಹೊರಡುತ್ತದೆ. ತಾಯಿ ಒಂದು ಹೇಳಿ, ತಂದೆ ಇನ್ನೊಂದು ಹೇಳಿದರೆ ಅವರವರ ಇಚ್ಛೆ ಅವರವರದು. ಪತಿಯ ಪತ್ರಕ್ಕೆ ಪತ್ನಿಯೂ ಸಹಿ ಹಾಕಿಬಿಟ್ಟರಾಯಿತೆಂದು ತಿಳಿಯಬಾರದು, ಅವರನ್ನು ಬೇರೆಯಾಗಿಯೇ ಕೇಳಬೇಕು.

ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ಏಕಾದಶಿಯಂದು ಪಾರಾಯಣ ಮುಗಿದ ಮೇಲೆ, ಅಥವಾ ಮಕ್ಕಳೆಲ್ಲ ಸೇರಿದ ಒಂದು ಹಬ್ಬದ ಸಂಜೆ, ಮನಸ್ಸು ಶಾಂತವಾಗಿರುವಾಗ ಅವರನ್ನು ಕೂರಿಸಿಕೊಂಡು ನಿಮ್ಮ ಇಚ್ಛೆಯನ್ನು ತಿಳಿಸಿರಿ. ಬಳಿಕ ನಿಧಾನವಾಗಿ ಬರೆದು, ದೃಢೀಕರಿಸಿ, ಒಂದು ಪ್ರತಿಯನ್ನು ಮಕ್ಕಳಿಗೂ ಒಂದನ್ನು ನಿಮ್ಮನ್ನು ನೋಡುವ ವೈದ್ಯರಿಗೂ ಕೊಡಿರಿ. ಇನ್ನೊಂದನ್ನು ದೇವರ ಗೂಡಿನಲ್ಲಿಡಿರಿ. ಆಯುಸ್ಸಿನ ಅಳತೆಯನ್ನು ಶ್ರೀಹರಿ ಬಲ್ಲ, ಅದರ ಚಿಂತೆ ನಮಗೆ ಬೇಡ. ನಮ್ಮ ಪಾಲಿನ ಕರ್ತವ್ಯವನ್ನು ಮುಗಿಸಿಕೊಂಡು, ಉಳಿದ ದಿನಗಳನ್ನು ಹಗುರಾದ ಮನಸ್ಸಿನಿಂದ ಅವನ ಸೇವೆಯಲ್ಲಿ ಕಳೆಯುವಂತೆ ಶ್ರೀಹರಿವಾಯುಗುರುಗಳು ಎಲ್ಲರನ್ನೂ ಅನುಗ್ರಹಿಸಲಿ.

ಶ್ರೀ ಕೃಷ್ಣಾರ್ಪಣಮಸ್ತು.